ಕೂಲಿ, ತೂಕ, ನೀರು, ನಾಲಿಗೆ: ಕ್ರೈಸ್ತ ಸದ್ಗುಣಗಳನ್ನು ದಿನದ ಬದುಕಿನಲ್ಲಿ ರೂಢಿಸಿಕೊಳ್ಳುವ ಬಗೆ

ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಪವಿತ್ರಾತ್ಮನ ಫಲಗಳು ಒಂಬತ್ತು ಬರುತ್ತವೆ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಸಂಡೇಸ್ಕೂಲಿಗೆ ಹೋದ ಮಕ್ಕಳು ಇದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಕಥೋಲಿಕರ ಧರ್ಮೋಪದೇಶದಲ್ಲಿ ಇನ್ನೊಂದು ಪಟ್ಟಿ ಇದೆ: ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು ದೈವಿಕ ಗುಣಗಳು; ವಿವೇಕ, ನ್ಯಾಯ, ಸ್ಥೈರ್ಯ, ಸಂಯಮ ಎಂಬ ನಾಲ್ಕು ಮೂಲಗುಣಗಳು. ಪಟ್ಟಿ ಯಾವುದಾದರೂ ಆಗಲಿ, ಭಾನುವಾರ ಮಾಡಿದ ತೀರ್ಮಾನ ಬುಧವಾರದ ಹೊತ್ತಿಗೆ ಸಡಿಲವಾಗುತ್ತದೆ. ಕಾರಣ ಸರಳ. "ಇನ್ನು ಮೇಲೆ ಪ್ರೀತಿಯಿಂದ ಇರ್ತೀನಿ" ಎಂದು ನಿರ್ಧರಿಸಿದವರು ಯಾರ ಹತ್ತಿರ, ಯಾವ ವಿಷಯದಲ್ಲಿ, ಎಷ್ಟು ಹೊತ್ತಿಗೆ ಎಂದು ನಿರ್ಧರಿಸಿರುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ, ನ್ಯಾಯದಿಂದ ಎಂಬುದೇ ನಮ್ಮ ಉತ್ತರ. ಬೇರೆಯವರಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿ. ದಾನ, ಉಪವಾಸ, ಸೇವೆ ಅದರ ಮೇಲೆ ನಿಲ್ಲಲಿ. ಉಪವಾಸದ ದಿನವೇ ಆಳುಗಳನ್ನು ಹಿಂಡುವವರನ್ನು ಯೆಶಾಯನ ಗ್ರಂಥದ 58ನೇ ಅಧ್ಯಾಯ ನೇರವಾಗಿ ಖಂಡಿಸುತ್ತದೆ. ಕೂಲಿ ಬಾಕಿ ಇಟ್ಟುಕೊಂಡು ಚರ್ಚಿನ ಸುಗ್ಗಿ ಹಬ್ಬಕ್ಕೆ ದೊಡ್ಡ ಕಾಣಿಕೆ ಹಾಕಿದರೆ, ಆ ಕಾಣಿಕೆಯಲ್ಲಿ ಇನ್ನೊಬ್ಬರ ದುಡ್ಡು ಸೇರಿದೆ ಎಂದೇ ಅರ್ಥ.

ಕೂಲಿ: ಹೊತ್ತು ಮುಳುಗುವ ಮುಂಚೆ

ಧರ್ಮೋಪದೇಶಕಾಂಡ 24:14-15 ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವುದರೊಳಗೆ ಕೊಡಬೇಕು ಎನ್ನುತ್ತದೆ. ಯಾಕೋಬನ ಪತ್ರಿಕೆ 5:4ರಲ್ಲಿ, ಹಿಡಿದಿಟ್ಟ ಕೂಲಿ ಹೊಲದ ಒಡೆಯನ ವಿರುದ್ಧ ತಾನೇ ಕೂಗುತ್ತದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಈ ಊರಲ್ಲೇ ನೆಲೆಸಿ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದರು. ಅಂದರೆ ಈ ವಚನಗಳು ನಮ್ಮ ಭಾಷೆಗೆ ಬಂದದ್ದೇ ಹತ್ತಿ, ಜೋಳದ ಹೊಲಗಳ ನಡುವೆ. ಈ ಸೀಮೆಯ ಕ್ರೈಸ್ತರಲ್ಲಿ ಬಹಳ ಮಂದಿ ಸ್ವತಃ ಕೂಲಿ ಮಾಡಿ ಬದುಕಿದ ಮನೆಗಳವರು. ಎರಡೆಕರೆ ಹೊಲ ಬಂದ ಮೇಲೆ, ಒಂದು ಅಂಗಡಿ ಹಾಕಿದ ಮೇಲೆ ಆ ನೆನಪು ಉಳಿದಿದೆಯೇ ಎಂಬುದು ಕೂಲಿ ಕೊಡುವ ಹೊತ್ತಿಗೆ ತಿಳಿಯುತ್ತದೆ.

ಮಾಡುವ ಬಗೆ ಹೀಗೆ. ಕೆಲಸಕ್ಕೆ ಕರೆಯುವಾಗಲೇ ದರವನ್ನು ಬಾಯಿಬಿಟ್ಟು ಹೇಳಿ. ಹತ್ತಿ ಬಿಡಿಸುವುದಾದರೆ ಕೆ.ಜಿ. ಲೆಕ್ಕವೋ ದಿನದ ಲೆಕ್ಕವೋ, ತೂಗುವವರು ಯಾರು, ಊರಿಂದ ಹೊಲಕ್ಕೆ ಬರುವ ಟಂಟಂ ಬಾಡಿಗೆ ಯಾರದು, ಈ ಮೂರೂ ಹಿಂದಿನ ಸಂಜೆಯೇ ಇತ್ಯರ್ಥವಾಗಬೇಕು. "ಬರ್ರಿ, ನೋಡಿ ಕೊಡ್ತೀನಿ" ಎಂದು ಕರೆದರೆ ಸಂಜೆ ಜಗಳ ಖಂಡಿತ, ಅದರಲ್ಲಿ ಸೋಲುವವರು ಯಾವಾಗಲೂ ಕೂಲಿಯವರೇ. ಚಿಲ್ಲರೆಯನ್ನೂ ಹಿಂದಿನ ದಿನವೇ ಮಾಡಿಸಿಟ್ಟುಕೊಳ್ಳಿ. ಉದಾಹರಣೆಗೆ 350 ರೂಪಾಯಿಯಂತೆ 8 ಜನಕ್ಕೆ 2,800 ಆಗುತ್ತದೆ. ಅದಕ್ಕೆ 100ರ ನೋಟು 24, 50ರ ನೋಟು 8 ಬೇಕು. ಬರೀ 500ರ ನೋಟು ಒಯ್ದು "ನೀವ್ ನೀವೇ ಹಂಚ್ಕೊಳ್ರಿ" ಎಂದರೆ ಐವತ್ತು ರೂಪಾಯಿಯ ತಂಟೆ ಅವರವರ ನಡುವೆ ಉಳಿಯುತ್ತದೆ.

ಕೊಡುವಾಗ ಒಬ್ಬೊಬ್ಬರ ಕೈಗೇ ಕೊಡಿ. ಇಡೀ ಗುಂಪಿನ ದುಡ್ಡನ್ನು ಮೇಸ್ತ್ರಿಯ ಕೈಗಿತ್ತರೆ ಎಷ್ಟು ಮುರಿದುಕೊಂಡರು ಎಂಬುದು ನಿಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ಮೇಸ್ತ್ರಿಗೆ ಕೊಡಬೇಕಾದದ್ದನ್ನು ಬೇರೆಯಾಗಿ, ನಿಮ್ಮ ಜೇಬಿನಿಂದ ಕೊಡಿ. ಫೋನ್‌ಪೇ ಮಾಡುವುದಾದರೆ ಯಾರ ನಂಬರಿಗೆ ಎಂದು ಕೆಲಸ ಮಾಡಿದ ಹೆಣ್ಣುಮಗಳನ್ನೇ ಕೇಳಿ. ಗಂಡನ ನಂಬರಿಗೆ ಹೋದ ಕೂಲಿ ಮನೆ ತಲುಪುವ ಮುಂಚೆ ಬಾರ್ ತಲುಪಿದ ಸಂಗತಿ ಪ್ರತಿ ಊರಲ್ಲೂ ಇದೆ. ಆಕೆ "ಕೈಗೇ ಕೊಡ್ರಿ" ಎಂದರೆ ಕೈಗೇ ಕೊಡಿ, ಕಾರಣ ಕೇಳಬೇಡಿ. ಒಂದೇ ಕೆಲಸಕ್ಕೆ ಗಂಡಾಳಿಗೊಂದು, ಹೆಣ್ಣಾಳಿಗೊಂದು ದರ ಎಂಬ ರೂಢಿಯನ್ನು ನಿಮ್ಮ ಹೊಲದಲ್ಲಾದರೂ ನಿಲ್ಲಿಸಿ. "ಊರಲ್ಲಿ ಹಂಗೇ ಐತಿ" ಎಂಬುದು ದೇವರ ಮುಂದೆ ಉತ್ತರವಾಗದು. ಕಾನೂನಿನ ಮುಂದೆಯೂ ಆಗದು.

ನಿಜವಾಗಿಯೂ ಕೈಯಲ್ಲಿ ಕಾಸಿಲ್ಲದಿದ್ದರೆ? ಕೆಲಸ ಮುಗಿದ ಮೇಲೆ ಹೇಳಬಾರದು, ಶುರುವಾಗುವ ಮುಂಚೆ ಹೇಳಬೇಕು, ಅದೂ ತಾರೀಖಿನ ಸಮೇತ. "ಈ ವಾರ ರೊಕ್ಕ ಇಲ್ಲ, ಬರೋ ಶನಿವಾರ ಕೊಡ್ತೀನಿ, ಒಪ್ಪಿಗೆ ಇದ್ದವರು ಬರ್ರಿ" ಎಂದರೆ ಬೇರೆ ಹೊಲಕ್ಕೆ ಹೋಗುವ ಸ್ವಾತಂತ್ರ್ಯ ಅವರಿಗೆ ಉಳಿಯುತ್ತದೆ. "ಹತ್ತಿ ಮಾರಿದ ಮ್ಯಾಲ ಕೊಡ್ತೀನಿ" ಎಂಬ ಮಾತಿನ ಕೇಡು ಇಲ್ಲೇ ಇದೆ: ಬಾಕಿ ವಸೂಲಾಗಬೇಕೆಂದೇ ಅವರು ಮತ್ತೆ ಮತ್ತೆ ನಿಮ್ಮ ಹೊಲಕ್ಕೇ ಬರಬೇಕಾಗುತ್ತದೆ, ದರ ಕೇಳುವ ಧೈರ್ಯವೂ ಹೋಗುತ್ತದೆ.

ಬಿಸಿಲಿನ ಮಾತು ಬೇರೆಯೇ ಇದೆ. ರಾಯಚೂರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಕೆಲಸವನ್ನು ಬೆಳಿಗ್ಗೆ 6ಕ್ಕೆ ಶುರು ಮಾಡಿ 11ರೊಳಗೆ ಮುಗಿಸಿ. ಕುಡಿಯುವ ನೀರನ್ನು ಆಳೊಬ್ಬರಿಗೆ ಕನಿಷ್ಠ 3 ಲೀಟರಿನಂತೆ ಒಯ್ಯಿರಿ. ನೀವು ಕುಡಿಯುವುದು ಫಿಲ್ಟರ್ ನೀರಾದರೆ ಅವರಿಗೂ ಅದೇ ಕ್ಯಾನಿನ ನೀರು.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಪೀಸ್ ಲೆಕ್ಕದಲ್ಲಿ ದುಡಿಸುವವರಿಗೂ ಇದೇ ಅಳತೆ. ಹಾಳಾದ ಪೀಸಿಗೆ ಎಷ್ಟು ಕಡಿತ ಎಂದು ಮೊದಲೇ ಬರೆದು ಗೋಡೆಗೆ ಹಚ್ಚಿ. ಬಟ್ಟೆಯೇ ಕಳಪೆಯಾಗಿದ್ದರೆ ಕಡಿತ ಹೊಲಿದವರ ಮೇಲೆ ಬರಬಾರದು.

ತೂಕ

ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1 ಹೇಳುತ್ತದೆ. ಇಂದು ಮೋಸ ತಕ್ಕಡಿಯಲ್ಲಿ ಕಡಿಮೆ, ಚೀಲದಲ್ಲಿ ಜಾಸ್ತಿ. 50 ಕೆ.ಜಿ. ಹಿಡಿಸುವ ಹೊಸ ಗೋಣಿಚೀಲದ ತೂಕ ಸುಮಾರು 580 ಗ್ರಾಂ. ಪ್ಲಾಸ್ಟಿಕ್ ಚೀಲ ಇನ್ನೂ ಹಗುರ. ಖರೀದಿ ಮಾಡುವವರು "ಚೀಲದ್ದು" ಎಂದು ಇಡೀ ಒಂದು ಕೆ.ಜಿ. ಕಳೆದರೆ ಪ್ರತಿ ಚೀಲಕ್ಕೆ 420 ಗ್ರಾಂ ರೈತರದ್ದು ಹೋಗುತ್ತದೆ. ನೂರು ಚೀಲಕ್ಕೆ ಅದು 42 ಕೆ.ಜಿ. ನೀವು ವ್ಯಾಪಾರಿಯಾಗಿದ್ದರೆ ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ, ಹತ್ತರಿಂದ ಭಾಗಿಸಿ, ಬಂದಷ್ಟನ್ನೇ ಕಳೆಯಿರಿ. ಎಲೆಕ್ಟ್ರಾನಿಕ್ ಕಾಂಟಾಕ್ಕೆ ವರ್ಷಕ್ಕೊಮ್ಮೆ ಮಾಪನ ಇಲಾಖೆಯ ಮುದ್ರೆ ಕಡ್ಡಾಯ. ಮುದ್ರೆ ಇದ್ದರೂ ವಾರಕ್ಕೊಮ್ಮೆ ಗೊತ್ತಿರುವ ತೂಕದ ಕಲ್ಲಿಟ್ಟು ನೋಡಿ. ಕಾಂಟಾ ಸಮತಟ್ಟಾದ ಜಾಗದಲ್ಲಿ ಕೂತಿರದಿದ್ದರೆ, ಫ್ಯಾನಿನ ಗಾಳಿ ನೇರ ಬೀಳುತ್ತಿದ್ದರೆ ಮೋಸದ ಉದ್ದೇಶವಿಲ್ಲದೆಯೂ ತೂಕ ತಪ್ಪುತ್ತದೆ.

ರೈತರ ಕಡೆಯ ತಪ್ಪೂ ಇದೆ. ತೂಕ ಬರಲೆಂದು ಹತ್ತಿಗೆ ನೀರು ಚಿಮುಕಿಸುವುದು, ಚೀಲದ ನಡುವೆ ಹಸಿ ಕಾಳು ಇಡುವುದು. ಭಾರತೀಯ ಹತ್ತಿ ನಿಗಮ 8ರಿಂದ 12 ಶೇಕಡಾದವರೆಗೆ ತೇವಾಂಶ ಒಪ್ಪುತ್ತದೆ, 8 ದಾಟಿದ್ದಕ್ಕೆ ದರ ಕಡಿತ ಮಾಡುತ್ತದೆ. ನೀರು ಹೊಡೆದ ಒಂದು ಗಾಡಿಯಿಂದ ಹಿಂದೆ ನಿಂತ ಎಲ್ಲ ಗಾಡಿಗಳ ಮೇಲೂ ಅನುಮಾನ ಬೀಳುತ್ತದೆ. ಪ್ರಾಮಾಣಿಕವಾಗಿ ಎರಡು ದಿನ ಒಣಗಿಸಿ ತಂದವರಿಗೂ ಆ ದಿನ ದರ ಇಳಿಯುತ್ತದೆ.

ಕಾಣದ ನೆರೆಯವರ ನೀರು

"ನನ್ನ ನೆರೆಯವನು ಯಾರು?" ಎಂದು ಧರ್ಮೋಪದೇಶಕನೊಬ್ಬ ಯೇಸುಸ್ವಾಮಿಯನ್ನು ಕೇಳಿದ (ಲೂಕ 10). ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಸಿದ್ಧವಾಗಿದೆ. ಗಂಗಾವತಿ, ಕಾರಟಗಿ ಕಡೆ ಮೇಲ್ಭಾಗದಲ್ಲಿ ಹೊಲ ಇದ್ದವರಿಗೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರು ನೆರೆಯವರು. ಅವರ ಮುಖ ಎಂದೂ ಕಾಣುವುದಿಲ್ಲ, ಆದರೆ ನಿಮ್ಮ ತೂಬಿನ ಕೆಳಗೆ ನಿಂತಿರುವವರು ಅವರೇ. ಯೋಜನೆ ಮಾಡಿದಾಗ ಈ ಕಾಲುವೆಯಡಿ ಬಹುಪಾಲು ಜಮೀನಿಗೆ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತು ಮಾಡಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹರಡಿದಷ್ಟೂ ಕೊನೆಭಾಗ ಒಣಗುತ್ತ ಬಂತು.

ಇದನ್ನು ಸರ್ಕಾರದ ವಿಷಯ, ರಾಜಕೀಯದ ವಿಷಯ ಎಂದು ಬದಿಗಿಡುವ ಕ್ರೈಸ್ತರೇ ಹೆಚ್ಚು. ನಮಗೆ ಹಾಗನಿಸುವುದಿಲ್ಲ. ಕದಿಯಬಾರದು ಎಂಬ ಆಜ್ಞೆ ನೀರಿಗೂ ಅನ್ವಯಿಸುತ್ತದೆ. ತೂಬನ್ನು ಒಡೆದು ಅಗಲ ಮಾಡಬೇಡಿ, ರಾತ್ರಿ ಕಾಲುವೆಗೆ ಪಂಪ್‌ಸೆಟ್ ಇಳಿಸಬೇಡಿ, ಮಣ್ಣಲ್ಲಿ ಹೂತಿಟ್ಟ ಪೈಪಿದ್ದರೆ ತೆಗೆಸಿ. ಸರದಿ ಮುಗಿದ ಕೂಡಲೇ ತೂಬು ಮುಚ್ಚಿ. ಗದ್ದೆ ತುಂಬಿ ಬಸಿಗಾಲುವೆಗೆ ಹರಿಯುವ ನೀರು ಇಬ್ಬರಿಗೂ ಆಗದು. ನೆಲ ಒಪ್ಪಿದರೆ ಒಂದೆರಡು ಎಕರೆಯಲ್ಲಿ ನಾಟಿ ಬಿಟ್ಟು ಕೂರಿಗೆಯಿಂದ ನೇರ ಬಿತ್ತಿ ನೋಡಿ, ಕೆಸರು ಮಾಡುವ ನೀರು ಉಳಿಯುತ್ತದೆ. ಕಳೆಯ ಕಾಟ ಮಾತ್ರ ಜಾಸ್ತಿ. ಅದಕ್ಕೆ ತಯಾರಿರಬೇಕು, ಇಲ್ಲದಿದ್ದರೆ ಒಂದೇ ಹಂಗಾಮಿಗೆ ಬೇಸತ್ತು ಬಿಡುತ್ತೀರಿ. ನೀರು ಬಳಕೆದಾರರ ಸಂಘದ ಸಭೆಗೆ ಹೋಗಿ, ಸರದಿ ತಪ್ಪಿಸುವವರ ಬಗ್ಗೆ ಮಾತಾಡಿ. ಸ್ಥೈರ್ಯ ಎಂಬ ಗುಣ ಬೇಕಾಗುವುದು ಇಂಥ ಸಭೆಯಲ್ಲಿ, ತಪ್ಪಿಸುವವರು ನಿಮ್ಮ ಸಂಬಂಧಿಕರೇ ಆಗಿದ್ದಾಗ.

ಕೈಗಡ ಮತ್ತು ಬಡ್ಡಿ

ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಕೇಳಲು ಚಿಕ್ಕದು. 20,000ಕ್ಕೆ ತಿಂಗಳಿಗೆ 1,000, ವರ್ಷಕ್ಕೆ 12,000, ಅಂದರೆ ಶೇಕಡಾ 60. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ತೆಗೆದುಕೊಳ್ಳಬೇಡ ಎಂದು ವಿಮೋಚನಕಾಂಡ 22:25 ಹೇಳುತ್ತದೆ. ಚರ್ಚಿನಲ್ಲಿ ಪಕ್ಕದಲ್ಲಿ ಕೂರುವವರಿಗೇ ಬಡ್ಡಿಗೆ ಕೊಟ್ಟವರು ಇದ್ದಾರೆ. ನಿಲ್ಲಿಸಿ.

ಕೈಗಡ ಕೊಡುವುದಾದರೆ ಮೊದಲು ಒಂದು ಲೆಕ್ಕ ಹಾಕಿ: ಈ ದುಡ್ಡು ತಿರುಗಿ ಬಾರದಿದ್ದರೂ ನಮ್ಮ ಮನೆ ನಡೆಯುತ್ತದೆಯೇ? ನಡೆಯುವಷ್ಟನ್ನೇ ಕೊಡಿ. 10,000 ಕೇಳಿದವರಿಗೆ 3,000 ಕೊಡುವ ಶಕ್ತಿ ಇದ್ದರೆ 3,000 ಎಂದು ನೇರ ಹೇಳಿ. 10,000 ಕೊಟ್ಟು ತಿಂಗಳುಗಟ್ಟಲೆ ಮುಖ ಸಿಂಡರಿಸಿಕೊಂಡು ತಿರುಗುವುದಕ್ಕಿಂತ ಅದು ಒಳಿತು. ಮೊತ್ತ, ತಾರೀಖು, ಕಂತು, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ನೆಂಟರೊಳಗೆ ಬರೆಯುವುದು ನಾಚಿಕೆ ಎನ್ನುವವರಿದ್ದಾರೆ. ಬರೆಯದೆ ಕೊಟ್ಟ ಸಾಲದಿಂದಲೇ ನೆಂಟಸ್ತಿಕೆ ಕೆಡುತ್ತದೆ, ಏಕೆಂದರೆ ಆರು ತಿಂಗಳಾದ ಮೇಲೆ ಇಬ್ಬರ ನೆನಪಿನಲ್ಲಿ ಎರಡು ಮೊತ್ತ ಇರುತ್ತವೆ. ಕೇಳುವುದಿದ್ದರೆ ಒಬ್ಬರೇ ಇದ್ದಾಗ ಕೇಳಿ. ಮದುವೆ ಮನೆಯಲ್ಲಿ, ಚರ್ಚಿನ ಬಾಗಿಲಲ್ಲಿ ಕೇಳಬೇಡಿ.

ತೆಗೆದುಕೊಂಡವರಿಗೆ ಒಂದೇ ನಿಯಮ ಸಾಕು. ಗಡುವಿಗೆ ಮೂರು ದಿನ ಮುಂಚೆ ನೀವೇ ಫೋನ್ ಮಾಡಿ. ಇಲ್ಲದಿದ್ದರೆ ಇಲ್ಲ ಎನ್ನಿ, ಇದ್ದಷ್ಟು ಕೊಡಿ. ಫೋನ್ ಎತ್ತದೆ ತಪ್ಪಿಸಿಕೊಂಡರೆ ಸಾಲದ ಜೊತೆಗೆ ಸುಳ್ಳೂ ಸೇರುತ್ತದೆ. ಸ್ವಸಹಾಯ ಸಂಘದ ಸಾಲದಲ್ಲಂತೂ ನೀವು ಕಂತು ತಪ್ಪಿಸಿದರೆ ಉಳಿದ ಅಕ್ಕತಂಗಿಯರು ಕೈಯಿಂದ ಕಟ್ಟಬೇಕಾಗುತ್ತದೆ.

ಜಗಳ ಮುಗಿಸುವುದು

ಮತ್ತಾಯ 18:15-17ರಲ್ಲಿ ಯೇಸು ಹೇಳಿದ ಕ್ರಮ ಬಹಳ ಸ್ಪಷ್ಟ. ಮೊದಲು ನೀವೊಬ್ಬರೇ ಹೋಗಿ ತಪ್ಪು ಮಾಡಿದವರ ಹತ್ತಿರ ಮಾತಾಡಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಗಲೂ ಕೇಳದಿದ್ದರೆ ಸಭೆಗೆ, ಅಂದರೆ ಚರ್ಚಿನ ಮಂದಿಗೆ, ತಿಳಿಸಿ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ: ಮೊದಲು ಸಭೆಯ ವಾಟ್ಸಾಪ್ ಗುಂಪಿಗೆ, ಆಮೇಲೆ ಒಬ್ಬಿಬ್ಬರು ಹಿರಿಯರಿಗೆ, ಸಂಬಂಧಪಟ್ಟವರಿಗೆ ಕಟ್ಟಕಡೆಗೆ, ಎಷ್ಟೋ ಸಲ ಅವರಿಗೆ ತಿಳಿಸುವುದೇ ಇಲ್ಲ. ಹತ್ತು ಜನರ ಮುಂದೆ ಮಾನ ಹೋದವರು ತಪ್ಪೊಪ್ಪಿಕೊಳ್ಳುವುದಿಲ್ಲ, ಎದುರು ನಿಲ್ಲುತ್ತಾರೆ. ಒಬ್ಬರೇ ಹೋಗಿ ಎಂಬ ಮೊದಲ ಹೆಜ್ಜೆಯ ಬೆಲೆ ಅದರಲ್ಲಿದೆ.

ಬದುವಿನ ಜಗಳ ತೆಗೆದುಕೊಳ್ಳಿ. ಪಕ್ಕದ ಹೊಲದವರು ಟ್ರ್ಯಾಕ್ಟರ್ ಹೊಡೆಯುವಾಗ ಎರಡು ಸಾಲು ನಿಮ್ಮ ಕಡೆ ಬಂದಿದ್ದಾರೆ. ಅಂದೇ ರಾತ್ರಿ ಹೋಗಬೇಡಿ, ಸಿಟ್ಟೂ ಇರುತ್ತದೆ, ಅವರು ಕುಡಿದಿರುವುದೂ ಉಂಟು. ಮರುದಿನ ಬೆಳಿಗ್ಗೆ ಹೊಲಕ್ಕೇ ಹೋಗಿ, ಮನೆಗೆ ಬೇಡ. ಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ ಸೋಲಲು ಯಾರಿಗೂ ಮನಸ್ಸಿರುವುದಿಲ್ಲ. ಕಂಡದ್ದನ್ನಷ್ಟೇ ಹೇಳಿ: "ಅಣ್ಣ, ಈ ಕಲ್ಲಿನಿಂದ ಆ ಜಾಲಿಗಿಡದ ತನಕ ನಮ್ಮ ಬದು ಇತ್ತು. ಈ ಸಲ ಎರಡು ಸಾಲು ಒಳಗ ಬಂದಾವು. ನೀವೂ ಬಂದು ನೋಡ್ರಿ." "ನಿಮ್ಮ ಅಪ್ಪನೂ ಹಿಂಗೇ ಮಾಡಿದ್ದ" ಎಂಬ ಮಾತು ಬಾಯಿಗೆ ಬಂದರೆ ನುಂಗಿ. ಆ ಒಂದು ಮಾತು ಹೊರಬಿದ್ದರೆ ವಿಷಯ ಬದುವಿನಿಂದ ಮನೆತನಕ್ಕೆ ಹಾರುತ್ತದೆ, ಅಲ್ಲಿಂದ ಕೋರ್ಟಿಗೆ. ಅವರು ಒಪ್ಪದಿದ್ದರೆ ಅಲ್ಲೇ ವಾದ ಬೆಳೆಸದೆ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಕರೆತನ್ನಿ, ಸರ್ವೆಗೆ ಅರ್ಜಿ ಹಾಕೋಣ ಎಂದು ಇಬ್ಬರೂ ಕೂಡಿ ತೀರ್ಮಾನಿಸಿ. ಹಕ್ಕು ಬಿಡುವುದೇ ಸಾಧುತ್ವ ಎಂದು ತಿಳಿಯಬೇಕಿಲ್ಲ. ದ್ವೇಷ ಇಲ್ಲದೆ ಹಕ್ಕು ಕೇಳುವುದು ಬಿಟ್ಟುಕೊಡುವುದಕ್ಕಿಂತ ಕಷ್ಟದ ಸಾಧನೆ.

ತಪ್ಪು ನಿಮ್ಮದೇ ಆಗಿದ್ದರೆ ಮತ್ತಾಯ 5:23-24ರ ಮಾತು ಅನ್ವಯಿಸುತ್ತದೆ: ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು. ಶನಿವಾರ ಸಂಜೆಯನ್ನು ಇದಕ್ಕೆಂದು ಇಟ್ಟುಕೊಳ್ಳಿ. ಕ್ಷಮೆ ಕೇಳುವಾಗ ಮಾಡಿದ್ದನ್ನು ಹೆಸರಿಟ್ಟು ಹೇಳಿ, "ಆದರೆ" ಎಂಬ ಪದ ಬಳಸಬೇಡಿ, ನಷ್ಟ ಆಗಿದ್ದರೆ ಕೂಡಲೇ ತುಂಬಿಕೊಡಿ. ಸುಂಕದವನಾಗಿದ್ದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ (ಲೂಕ 19:8). ನಾಲ್ಕರಷ್ಟು ಆಗದಿದ್ದರೂ ಆದ ನಷ್ಟದಷ್ಟಾದರೂ ಕೊಡಬೇಕು. "ಏನಾದ್ರೂ ತಪ್ಪಾಗಿದ್ರೆ ಕ್ಷಮಿಸ್ರಿ" ಎಂಬುದು ಕ್ಷಮೆ ಕೇಳಿದ ಹಾಗಲ್ಲ. ತಪ್ಪು ಆಗಿದೆ ಎಂಬುದನ್ನೇ ಅದು ಒಪ್ಪುವುದಿಲ್ಲ.

ಇಲ್ಲೊಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಲೇಬೇಕು. ಗಂಡ ಹೊಡೆಯುತ್ತಾನೆ ಎಂದು ಹೆಣ್ಣುಮಗಳೊಬ್ಬಳು ಬಂದರೆ "ಎಪ್ಪತ್ತೇಳು ಸಲ ಕ್ಷಮಿಸು ಅಂತ ಬೈಬಲ್ ಹೇಳೈತಿ, ಮನಿಗೆ ಹೋಗವ್ವ" ಎಂದು ಕಳಿಸಬೇಡಿ. ಕ್ಷಮೆ ಎಂದರೆ ಮತ್ತೆ ಏಟು ತಿನ್ನುವ ಜಾಗಕ್ಕೆ ಹೋಗುವುದಲ್ಲ. ಮೊದಲು ಆಕೆಯನ್ನೂ ಮಕ್ಕಳನ್ನೂ ಸುರಕ್ಷಿತ ಜಾಗದಲ್ಲಿ ಇರಿಸಿ, ಗಾಯಕ್ಕೆ ಚಿಕಿತ್ಸೆ ಕೊಡಿಸಿ, ಮಹಿಳಾ ಸಹಾಯವಾಣಿ 181ಕ್ಕೆ, ತುರ್ತು ಇದ್ದರೆ 112ಕ್ಕೆ ಕರೆ ಮಾಡಲು ನೆರವಾಗಿ. ಮಕ್ಕಳ ವಿಷಯವಾದರೆ 1098. ವಿವೇಕ ಎಂಬ ಗುಣವನ್ನು ಹಿರಿಯರು ಮೊದಲಿಗಿಟ್ಟದ್ದು ಇಂಥ ಸಂದರ್ಭಕ್ಕಾಗಿಯೇ.

ಲೋಟ ಮತ್ತು ಚಾಪೆ

ಚಿಕ್ಕ ವಿಷಯ, ಆದರೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡದು ಕಡಿಮೆ. ಮನೆಗೆ ಬಂದ ಯಾರಿಗೇ ಆಗಲಿ ನೀವು ಕುಡಿಯುವ ಲೋಟದಲ್ಲೇ ನೀರು, ಚಹಾ ಕೊಡಿ. ಪ್ಲಾಸ್ಟಿಕ್ ಕಪ್ಪು ಕೊಡುವುದಾದರೆ ನೀವೂ ಅದರಲ್ಲೇ ಕುಡಿಯಿರಿ. ಸಭೆಯಲ್ಲಿ ಬಂಗಾರದುಂಗುರದವನಿಗೆ ಒಳ್ಳೆ ಜಾಗ, ಬಡವನಿಗೆ ಕಾಲ ಬಳಿ ಜಾಗ ಕೊಡುವುದನ್ನು ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಪಾಪ ಎಂದೇ ಕರೆಯುತ್ತದೆ. ಚರ್ಚಿನೊಳಗೆ ಜಾತಿಯ ಲೆಕ್ಕದಲ್ಲಿ ಸಾಲು ಬೇರೆ, ಮದುವೆ ಊಟದಲ್ಲಿ ಪಂಕ್ತಿ ಬೇರೆ, ಸಮಾಧಿ ಜಾಗ ಬೇರೆ ಇದ್ದರೆ ಅದನ್ನು ಮುರಿಯುವ ಕೆಲಸ ಹಿರಿಯರಿಗೆ ಬಿಡಬೇಡಿ. ಮುಂದಿನ ಭಾನುವಾರ ನೀವೇ ಹೋಗಿ ಆ ಸಾಲಿನಲ್ಲಿ ಕೂರಿ, ಮನೆಮಂದಿಯನ್ನೂ ಕರೆದುಕೊಂಡು. ಮಗನಿಗೆ ಹೆಣ್ಣು ನೋಡುವಾಗ ವರದಕ್ಷಿಣೆ ಬೇಡ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿ. ಸುಮ್ಮನಿದ್ದರೆ ಹೆಣ್ಣಿನ ಕಡೆಯವರು ಹೆದರಿ ತಾವೇ ಸಾಲ ಮಾಡಲು ಓಡುತ್ತಾರೆ.

ಎರಡು ದಿನದ ಕೂಲಿಯಷ್ಟು ದಯೆ

ಒಳ್ಳೆಯ ಸಮಾರ್ಯದವನ ಕಥೆಯನ್ನು ಮಾಡಬೇಕಾದ ಕೆಲಸಗಳ ಪಟ್ಟಿಯಂತೆ ಓದಿ. ಕಳ್ಳರ ಕೈಯಲ್ಲಿ ಏಟು ತಿಂದು ದಾರಿಯಲ್ಲಿ ಬಿದ್ದಿದ್ದವನ ಹತ್ತಿರ ಹೋದ. ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿದ. ಛತ್ರದಲ್ಲಿ ಆ ರಾತ್ರಿ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ದಿನಾರಿ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆಂದ. ಒಂದು ದಿನಾರಿ ಒಂದು ದಿನದ ಕೂಲಿ (ಮತ್ತಾಯ 20:2). ಅಂದರೆ ಎರಡು ದಿನದ ದುಡಿಮೆ, ಒಂದು ರಾತ್ರಿಯ ನಿದ್ದೆ, ಮತ್ತೆ ಬಂದು ವಿಚಾರಿಸುವ ಮಾತು. ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ದುಡ್ಡು ಕೊಟ್ಟು ಫೋಟೊ ತೆಗೆಸಿಕೊಂಡು ಹೋದವರು ಹತ್ತು ದಿನ ಬಿಟ್ಟು ಮತ್ತೆ ಬರುವುದಿಲ್ಲ, ಖಾಯಿಲೆಯವರಿಗೆ ಆ ಹತ್ತನೇ ದಿನವೇ ಗಟ್ಟಿ ಕಷ್ಟ.

ರಸ್ತೆ ಅಪಘಾತ ಕಂಡರೆ ಗಾಡಿ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೆನ್ನು, ಕುತ್ತಿಗೆಗೆ ಪೆಟ್ಟಾದ ಹಾಗಿದ್ದರೆ ಬೆಂಕಿಯಂಥ ಅಪಾಯ ಇಲ್ಲದ ಹೊರತು ಎಳೆದಾಡಬೇಡಿ. ಪೊಲೀಸ್ ಕೇಸಿಗೆ ಹೆದರಿ ಮುಂದೆ ಹೋಗುವ ಕಾಲ ಮುಗಿದಿದೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಆ ಕಲಮು ಇಂಥವರನ್ನು ಕರೆದಿರುವುದು "ಒಳ್ಳೆಯ ಸಮಾರ್ಯದವನು" ಎಂದೇ.

ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಆಸ್ಪತ್ರೆಗಳಿಗೆ ಹಳ್ಳಿಗಳಿಂದ ಬಂದವರ ಜೊತೆಗಿರುವ ಮನೆಯವರು ವರಾಂಡದಲ್ಲೇ ದಿನ ಕಳೆಯುತ್ತಾರೆ. ರೋಗಿಗೆ ಊಟ ಸಿಕ್ಕೀತು, ಇವರಿಗೆ ಸಿಗುವುದಿಲ್ಲ. ನಾಲ್ಕು ಜೋಳದ ರೊಟ್ಟಿ, ಒಣಗಿದ ಶೇಂಗಾ ಚಟ್ನಿ, ಒಂದು ಬಾಟಲಿ ನೀರು ಕಟ್ಟಿಕೊಂಡು ಹೋಗಿ. ರೊಟ್ಟಿ ಸಂಜೆಯ ತನಕ ಕೆಡದು, ಅನ್ನ ಸಾರು ಈ ಬಿಸಿಲಿಗೆ ಹಳಸುತ್ತದೆ. ರೋಗಿಗೆ ಏನಾದರೂ ತಿನ್ನಲು ಕೊಡುವ ಮುಂಚೆ ವಾರ್ಡಿನ ಸಿಸ್ಟರನ್ನು ಕೇಳಿ. ಹಾಸಿಗೆ ಹತ್ತಿರ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. "ನಮ್ಮ ಮಾವಗೂ ಹಿಂಗೇ ಆಗಿತ್ತು, ಉಳೀಲಿಲ್ಲ" ಎಂಬಂಥ ಮಾತು ಬೇಡವೇ ಬೇಡ. ಔಷಧಿ ಚೀಟಿ ಓದಲು ಬಾರದವರಿಗೆ ಔಷಧಿ ತಂದುಕೊಡುವುದು, ಸ್ಕ್ಯಾನಿಂಗ್ ಎಲ್ಲಿ ಎಂದು ತೋರಿಸಿ ಜೊತೆಗೆ ಹೋಗುವುದು, ಇಂಥವು ಹಣ್ಣಿನ ಬುಟ್ಟಿಗಿಂತ ಉಪಯೋಗಕ್ಕೆ ಬರುತ್ತವೆ.

ಆರೋಗ್ಯವಂತರು ರಕ್ತ ಕೊಡಬಹುದು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರುತ್ತದೆ. ತಿಂಡಿ ತಿಂದು, ಎರಡು ಲೋಟ ನೀರು ಕುಡಿದು ಹೋಗಿ.

ಸಹಾಯದ ಹಿಂದೆ ಯಾವ ಕರೆಯೂ ಇರಕೂಡದು. ರೊಟ್ಟಿ ಕೊಟ್ಟು "ಭಾನುವಾರ ಪ್ರಾರ್ಥನೆಗೆ ಬರ್ರಿ" ಎಂದರೆ ಕೊಟ್ಟದ್ದು ವ್ಯಾಪಾರವಾಗುತ್ತದೆ. ಕಷ್ಟದಲ್ಲಿರುವವರು ಬೇಡ ಎನ್ನಲಾರದ ಸ್ಥಿತಿಯಲ್ಲಿರುತ್ತಾರೆ, ಆ ಸ್ಥಿತಿಯನ್ನು ಬಳಸಿಕೊಳ್ಳುವುದು ಅನ್ಯಾಯ. ಅವರಾಗಿ "ನಮಗಾಗಿ ಪ್ರಾರ್ಥನೆ ಮಾಡ್ರಿ" ಎಂದರೆ ಮಾಡಿ, ಮೆಲ್ಲಗೆ, ಒಂದೆರಡು ವಾಕ್ಯದಲ್ಲಿ.

ಕೊಡುವ ದುಡ್ಡಿನ ವಿಷಯದಲ್ಲಿ 1 ಕೊರಿಂಥ 16:2ರ ಕ್ರಮ ಚೆನ್ನಾಗಿದೆ: ವಾರದ ಮೊದಲ ದಿನ, ಸಂಪಾದನೆಗೆ ತಕ್ಕಷ್ಟು, ಬೇರೆಯಾಗಿ ತೆಗೆದಿಡುವುದು. ತಿಂಗಳ ಕೊನೆಗೆ ಉಳಿದದ್ದನ್ನು ಕೊಡೋಣ ಎಂದರೆ ಏನೂ ಉಳಿದಿರುವುದಿಲ್ಲ.

ತಪಸ್ಸುಕಾಲದ ಸಂಯಮ

ಬೂದಿ ಬುಧವಾರದಿಂದ ಈಸ್ಟರ್ ತನಕ, ಭಾನುವಾರಗಳನ್ನು ಬಿಟ್ಟರೆ, 40 ದಿನ. ಕಥೋಲಿಕರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಕಡ್ಡಾಯ ಉಪವಾಸ, 18ರಿಂದ 59 ವಯಸ್ಸಿನವರಿಗೆ: ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಸಿಎಸ್‌ಐ, ಮೆಥೋಡಿಸ್ಟ್ ಎಂಬ ಪ್ರಾಟೆಸ್ಟಂಟ್ ಸಭೆಗಳಲ್ಲಿ ಇದು ಅವರವರ ಮನಸ್ಸಿಗೆ ಬಿಟ್ಟದ್ದು. ನಮ್ಮಲ್ಲಿ ಈ ದಿನಗಳು ಬಿಸಿಲೇರುವ ಹೊತ್ತಿಗೇ ಬರುತ್ತವೆ, ಆದ್ದರಿಂದ ನೀರು ಬಿಡುವ ಉಪವಾಸ ಬೇಡ. ಸಕ್ಕರೆ ಖಾಯಿಲೆಯವರು, ಬಸುರಿ ಬಾಣಂತಿಯರು, ಬಿಸಿಲಲ್ಲಿ ದುಡಿಯುವವರು ಊಟ ಬಿಡದೆ ಬೇರೇನಾದರೂ ಬಿಡಲಿ. ದಿನಕ್ಕೆ 10 ರೂಪಾಯಿಯ ಎರಡು ಚಹಾ ಬಿಟ್ಟರೆ 40 ದಿನಕ್ಕೆ 800 ಉಳಿಯುತ್ತದೆ. ಅದನ್ನು ಪ್ರತಿದಿನ ಡಬ್ಬಿಗೆ ಹಾಕಿ. ಕೊನೆಗೆ ಒಟ್ಟಿಗೆ ಹಾಕೋಣ ಎಂದವರ ಡಬ್ಬಿ ಖಾಲಿ ಇರುತ್ತದೆ. ಕುಡಿತ ಚಟವಾಗಿ ಹೋದವರಿಗೆ ಮಾತ್ರ ಈ 40 ದಿನದ ಲೆಕ್ಕ ಸಾಲದು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಪ್ರಾರ್ಥನೆಯೂ ಇರಲಿ, ಡಾಕ್ಟರೂ ಇರಲಿ.

ರಾತ್ರಿ ಐದು ನಿಮಿಷ

ಯೇಸುಸಭೆ ಎಂಬ ಕಥೋಲಿಕ ಸಂಘದ ಸ್ಥಾಪಕ ಇಗ್ನಾಸಿಯ ಲೊಯೋಲರು 16ನೇ ಶತಮಾನದಲ್ಲಿ ಕಲಿಸಿಕೊಟ್ಟ ಆತ್ಮಶೋಧನೆ ಇಂದಿಗೂ ಕೆಲಸಕ್ಕೆ ಬರುವ ಸಾಧನ. ಮಲಗುವ ಮುಂಚೆ ಕೂತು, ಮೊದಲು ಆ ದಿನ ಸಿಕ್ಕ ಒಂದು ಒಳ್ಳೆಯದಕ್ಕೆ ದೇವರಿಗೆ ವಂದನೆ ಹೇಳಿ. ತನ್ನನ್ನು ತಾನು ಇದ್ದ ಹಾಗೆ ನೋಡಿಕೊಳ್ಳಲು ಬೆಳಕು ಬೇಡಿ. ಬೆಳಗಿನಿಂದ ಈ ತನಕ ಭೇಟಿಯಾದವರನ್ನು ಒಬ್ಬೊಬ್ಬರಾಗಿ ನೆನೆಯಿರಿ: ಹಾಲಿನವರು, ಕೂಲಿಯವರು, ಸೊಸೆ, ಕಂಡಕ್ಟರು. ಎಲ್ಲಿ ತಪ್ಪಿತೋ ಅಲ್ಲಿ ಕ್ಷಮೆ ಕೇಳಿ. ನಾಳೆ ಮಾಡುವ ಒಂದೇ ಒಂದು ಕೆಲಸವನ್ನು ನಿಶ್ಚಯಿಸಿ.

ಒಂದು ತಿಂಗಳಿಗೆ ಒಂದೇ ಗುಣ ಹಿಡಿಯಿರಿ. ದೀರ್ಘಶಾಂತಿಯನ್ನು ಹಿಡಿದರೆ ಅದನ್ನೂ ಸಣ್ಣದು ಮಾಡಿ: "ಮಗ ಲೆಕ್ಕ ತಪ್ಪು ಮಾಡಿದಾಗ ಬೈಯುವುದಿಲ್ಲ" ಎಂಬಷ್ಟು ಸಣ್ಣದು. ಪಾಕೆಟ್ ಡೈರಿಯಲ್ಲಿ ತಪ್ಪಿದ ದಿನ ಒಂದು ಚುಕ್ಕೆ ಹಾಕಿ, ಬೇರೇನೂ ಬರೆಯುವುದು ಬೇಡ. ಮೊದಲ ವಾರದಲ್ಲಿ ಚುಕ್ಕೆ ಜಾಸ್ತಿಯಾದರೆ ಗಾಬರಿ ಬೇಡ; ಮೊದಲು ಲಕ್ಷ್ಯಕ್ಕೇ ಬರದೆ ಹೋಗುತ್ತಿದ್ದ ತಪ್ಪುಗಳು ಈಗ ಕಣ್ಣಿಗೆ ಬೀಳುತ್ತಿವೆ, ಅಷ್ಟೇ. ಎರಡನೇ ವಾರದ ಕೊನೆಗೂ ಕಡಿಮೆಯಾಗದಿದ್ದರೆ ಚುಕ್ಕೆ ಬಿದ್ದ ಹೊತ್ತನ್ನು ನೋಡಿ. ಸಂಜೆ 7ರ ಹೊತ್ತಿಗೇ ಸಿಟ್ಟು ಬರುತ್ತಿದ್ದರೆ ಅದು ಹಸಿವಿನ ಸಿಟ್ಟು, ಮನೆಗೆ ಬಂದ ಕೂಡಲೇ ಒಂದು ಹಿಡಿ ಮಂಡಕ್ಕಿ ತಿಂದು ಆಮೇಲೆ ಮಗನ ಪುಸ್ತಕ ತೆಗೆಯಿರಿ. ಡೈರಿಯಲ್ಲಿ ಬೇರೆಯವರ ತಪ್ಪು ಬರೆಯುವ ಚಾಳಿ ಶುರುವಾದರೆ ಆ ಹಾಳೆ ಹರಿದುಹಾಕಿ. ಎರಡು ಮೂರು ದಿನ ಬಿಟ್ಟುಹೋದರೆ ಹಿಂದಿನ ಲೆಕ್ಕ ತುಂಬಲು ಕೂರದೆ ಅಂದಿನ ತಾರೀಖಿನಿಂದ ಮುಂದುವರಿಸಿ, ತಿಂಗಳ ನಡುವೆ ಗುಣವನ್ನು ಬದಲಿಸಬೇಡಿ.